ಮಗುವಿನ ಸಂಗೀತಕ್ಕೆ ಯಾವ ದಾರಿ? ಮೇಷ್ಟ್ರ ಮನೆ, ಸಂಗೀತ ಶಾಲೆ, ಆನ್‌ಲೈನ್ ಪಾಠ, ಆಮೇಲೆ ವೇದಿಕೆ

ಜೂನ್ ತಿಂಗಳು ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ಪ್ರಶ್ನೆ ಗ್ಯಾರಂಟಿ. “ಪಾಪುನ ಸಂಗೀತಕ್ಕೆ ಸೇರಿಸ್ಬೇಕು ಅಂತಿದೀವಿ ಆಂಟಿ, ಎಲ್ಲಿ ಚೆನ್ನಾಗಿದೆ?” ನಾನು ವಿದುಷಿ ಅಲ್ಲ. ಚಿಕ್ಕಂದಿನಲ್ಲಿ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿ ಅಲ್ಲಿಗೇ ಬಿಟ್ಟವಳು. ಆದರೆ ಇಬ್ಬರು ಮಕ್ಕಳನ್ನು 11 ವರ್ಷ ಪಾಠಕ್ಕೆ ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ಚಪ್ಪಲಿಗಳ ಪಕ್ಕ ಕೂತು ಕಾದಿದ್ದೇನೆ. ಮಗಳದ್ದು ಕರ್ನಾಟಕ ಸಂಗೀತ, ಹಾಡುಗಾರಿಕೆ. ಮಗ ಮೃದಂಗದಲ್ಲಿ ಶುರುಮಾಡಿ ಈಗ ಡ್ರಮ್ಸ್ ಬಾರಿಸುತ್ತಾನೆ. ಬಡಾವಣೆಯ ರಾಮೋತ್ಸವದಲ್ಲಿ ಮಕ್ಕಳ ಕಾರ್ಯಕ್ರಮದ ಪಟ್ಟಿ ಹಾಕುವ ಕೆಲಸವೂ ಪ್ರತಿ ವರ್ಷ ನನ್ನ ತಲೆಗೇ ಬರುತ್ತದೆ. ಮೂರನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಅಳತೆಗೋಲು

ಫೀಸು, ದೂರ, ಹೆಸರು ಎಲ್ಲ ಆಮೇಲೆ. ಮೊದಲು ನೋಡಬೇಕಾದದ್ದು ಇಷ್ಟೇ: ವಾರದಲ್ಲಿ ಎಷ್ಟು ನಿಮಿಷ ನಿಮ್ಮ ಮಗು ಒಂಟಿಯಾಗಿ ಹಾಡುತ್ತದೆ ಮತ್ತು ಕಲಿಸುವವರು ಅದನ್ನು ಕೇಳಿ ತಿದ್ದುತ್ತಾರೆ? ನಮ್ಮನೆಯಲ್ಲಿ ಇದಕ್ಕೆ ‘ಒಂಟಿ ನಿಮಿಷ’ ಅಂತ ಹೆಸರಿಟ್ಟಿದ್ದೇವೆ.

ಈ ಲೆಕ್ಕ ನನಗೆ ಸುಮ್ನೆ ಹೊಳೆದದ್ದಲ್ಲ. ಮಗಳನ್ನು ಮೊದಲು ಸೇರಿಸಿದ್ದು ಮನೆ ಹತ್ತಿರದ ಒಂದು ದೊಡ್ಡ ಕ್ಲಾಸಿಗೆ. ಒಂದು ಹಾಲಿನಲ್ಲಿ 20 ಮಕ್ಕಳು. ಎಲ್ಲರೂ ಒಟ್ಟಿಗೆ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ, ಹಾಡುತ್ತಿದ್ದರೆ ಹೊರಗೆ ಕೂತ ನಮಗೆಲ್ಲ ರೋಮಾಂಚನ. ಒಂದು ವರ್ಷ ಆದ ಮೇಲೆ ನೆಂಟರ ಮನೆಯಲ್ಲಿ ಯಾರೋ ಶ್ರುತಿ ಪೆಟ್ಟಿಗೆ ಹಾಕಿ “ಎಲ್ಲಿ, ಒಂದು ಹಾಡು ಪುಟ್ಟಿ” ಅಂದರು. ಅವಳು ಒಬ್ಬಳೇ ಹಾಡಿದ್ದನ್ನು ನಾನು ಸರಿಯಾಗಿ ಕೇಳಿದ್ದು ಆವತ್ತೇ. ಗಾಂಧಾರ, ಅಂದರೆ ಸರಿಗಮದ ‘ಗ’, ಪ್ರತಿ ಸಲವೂ ಕೆಳಗೆ ಬೀಳುತ್ತಿತ್ತು. ಮೊದಲ ಪಾಠಗಳು ನಡೆಯುವುದು ಮಾಯಾಮಾಳವಗೌಳ ರಾಗದಲ್ಲಿ. ಅದರಲ್ಲಿ ಸ ಮತ್ತು ರಿ ತೀರಾ ಹತ್ತಿರ, ರಿಯಿಂದ ಗ ದೂರ. ಆ ದೂರವನ್ನು ನೆಗೆಯುವಾಗಲೇ ಮಕ್ಕಳು ಜಾರುವುದು. 20 ಮಕ್ಕಳ ದನಿಯಲ್ಲಿ ಅವಳ ಗಾಂಧಾರ ಮುಚ್ಚಿಹೋಗಿತ್ತು, ಅಷ್ಟೇ. ಟೀಚರಿಗೂ ಕೇಳಿಸಿರಲಿಲ್ಲ, ನನಗೂ ಕೇಳಿಸಿರಲಿಲ್ಲ. ಆಮೇಲೆ ಬಂದ ಮೇಷ್ಟ್ರು ಅದನ್ನು ಮೇಲೆತ್ತಲು ಏಳು ತಿಂಗಳು ಒದ್ದಾಡಿದರು. ಕಲಿಯುವುದಕ್ಕಿಂತ ತಪ್ಪಾಗಿ ಕಲಿತದ್ದನ್ನು ಅಳಿಸುವುದಕ್ಕೇ ಜಾಸ್ತಿ ಹೊತ್ತು ಬೇಕು.

ಆ ಕ್ಲಾಸಿನಲ್ಲಿ ಅವಳ ಒಂಟಿ ನಿಮಿಷ ವಾರಕ್ಕೆ ಒಂದೂ ಇರಲಿಲ್ಲ. ತಿಂಗಳ ಫೀಸನ್ನು ಒಂಟಿ ನಿಮಿಷದಿಂದ ಭಾಗಿಸಿ ನೋಡಿ. ಅಗ್ಗ ಅಂದುಕೊಂಡಿದ್ದ ಪಾಠ ಕೆಲವೊಮ್ಮೆ ಭಾರಿ ದುಬಾರಿ ಆಗಿರುತ್ತದೆ.

ಮೇಷ್ಟ್ರ ಮನೆ, ಸಂಗೀತ ಶಾಲೆ, ಆನ್‌ಲೈನ್

ಹಿಂದಿನವರ ಕಥೆ ಕೇಳಿದರೆ ನಮಗೆ ಆಯ್ಕೆಯೇ ಇಲ್ಲ ಅನ್ನಿಸುತ್ತದೆ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಭೀಮಸೇನ ಜೋಶಿಯವರು ಚಿಕ್ಕ ವಯಸ್ಸಿನಲ್ಲೇ ಗುರು ಹುಡುಕಿಕೊಂಡು ಮನೆ ಬಿಟ್ಟು, ಊರೂರು ಅಲೆದು, ಕೊನೆಗೆ ಅದೇ ಗುರುಗಳ ಮನೆಯಲ್ಲಿ ಉಳಿದು ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸಿದರು. ಅಲ್ಲೆಲ್ಲ ಗುರುಗಳ ಕಿವಿ ಇಡೀ ದಿನ ಶಿಷ್ಯರ ಮೇಲಿರುತ್ತಿತ್ತು. ನಮ್ಮ ಮಕ್ಕಳಿಗೆ ಸಿಗುವುದು ವಾರಕ್ಕೆ ಎರಡು ದಿನ, ಅದೂ ಟ್ಯೂಷನ್ನು ಮತ್ತು ಈಜಿನ ನಡುವೆ. ಅದಕ್ಕೇ ಆ ಎರಡು ದಿನ ಹೇಗೆ ಖರ್ಚಾಗುತ್ತದೆ ಅಂತ ನೋಡಬೇಕು.

ಮೇಷ್ಟ್ರ ಮನೆ ಪಾಠ. ಸಾಮಾನ್ಯವಾಗಿ ಮೂರು ನಾಲ್ಕು ಮಕ್ಕಳು, ಮುಕ್ಕಾಲು ಗಂಟೆ. ಒಬ್ಬೊಬ್ಬರಿಗೂ ಹತ್ತು ನಿಮಿಷ ಸಿಕ್ಕೇ ಸಿಗುತ್ತದೆ. ಉಳಿದ ಹೊತ್ತು ಬೇರೆ ಮಕ್ಕಳು ತಿದ್ದಿಸಿಕೊಳ್ಳುವುದನ್ನು ಕೇಳುತ್ತಾ ಕೂರುವುದು, ಅದೂ ಪಾಠವೇ. ನನ್ನ ಮಗಳು ತನಗೆ ಬರುವ ವರ್ಣಗಳಲ್ಲಿ (ಅಭ್ಯಾಸಕ್ಕೆ ಕಲಿಸುವ ಉದ್ದನೆಯ ರಚನೆಗಳು) ಅರ್ಧದಷ್ಟನ್ನು ಹೀಗೆ ಪಕ್ಕದವರದ್ದು ಕೇಳಿಯೇ ಕಲಿತಳು. ಒಳಗಿಂದ ಒಗ್ಗರಣೆ ವಾಸನೆ, ಟೀಪಾಯಿ ಮೇಲೆ ಯಾರದೋ ಹೋಮ್‌ವರ್ಕು, ಇವೆಲ್ಲ ಇರುತ್ತವೆ. ತೊಂದರೆ ಏನೆಂದರೆ ಎಲ್ಲವೂ ಒಬ್ಬರ ಮೇಲೆ ನಿಂತಿದೆ. ಅವರಿಗೆ ಕಛೇರಿ ಸೀಸನ್ನು ಬಂದರೆ ಪಾಠ ಇಲ್ಲ. ಸಿಟ್ಟಿನ ಸ್ವಭಾವ ಇದ್ದರೆ ಮಗು ಮುದುಡುತ್ತದೆ. ಒಳ್ಳೇ ಹಾಡುಗಾರರೆಲ್ಲ ಮಕ್ಕಳಿಗೆ ಕಲಿಸಬಲ್ಲವರಲ್ಲ ಅನ್ನುವುದನ್ನೂ ನಾವು ಒಪ್ಪಿಕೊಳ್ಳಬೇಕು. ಸ್ವಂತ ಕಛೇರಿಯಲ್ಲಿ ಎರಡು ಗಂಟೆ ಬೆರಗು ಹುಟ್ಟಿಸುವವರು ಏಳು ವರ್ಷದ ಮಗುವಿನ ಜಂಟಿ ವರಸೆ ಮುಂದೆ ಆಕಳಿಸಿದ್ದನ್ನು ನೋಡಿದ್ದೇನೆ.

ಸಂಗೀತ ಶಾಲೆ. ಸಮಯಕ್ಕೆ ಸರಿಯಾಗಿ ಶುರು, ರಜೆ ಪಟ್ಟಿ, ಒಬ್ಬ ಟೀಚರ್ ಬರದಿದ್ದರೆ ಇನ್ನೊಬ್ಬರು. ಒಂದೇ ಕಟ್ಟಡದಲ್ಲಿ ಪಿಟೀಲು, ಮೃದಂಗ, ಕೀಬೋರ್ಡ್ ಎಲ್ಲ ಇರುವುದರಿಂದ ಮಕ್ಕಳು ಒಟ್ಟಿಗೆ ನುಡಿಸಿ ಕಲಿಯಬಹುದು. ಸಂಗೀತ ಅಂದರೆ ಜೊತೆಯಲ್ಲಿ ಮಾಡುವುದು, ಅದು ಮನೆ ಪಾಠದಲ್ಲಿ ತಡವಾಗಿ ಗೊತ್ತಾಗುತ್ತದೆ. ಸೇರಿಸುವ ಮೊದಲು ಎರಡು ಪ್ರಶ್ನೆ ಕೇಳಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು? ಈಗಿರುವ ಟೀಚರ್ ಎಷ್ಟು ವರ್ಷದಿಂದ ಇಲ್ಲೇ ಇದ್ದಾರೆ? ಎರಡನೆಯದಕ್ಕೆ ರಿಸೆಪ್ಷನ್‌ನವರು ತಡವರಿಸಿದರೆ ನಾನಾದರೆ ಹೊರಗೆ ಬರುತ್ತೇನೆ. ವರ್ಷಕ್ಕೆ ಮೂರು ಟೀಚರ್ ಬದಲಾದರೆ ಒಬ್ಬೊಬ್ಬರದ್ದೂ ಒಂದೊಂದು ಪಾಠಾಂತರ (ಅದೇ ಹಾಡನ್ನು ಹಾಡುವ ಬೇರೆ ರೀತಿ), ಮಗು ಎಲ್ಲಿಗೂ ಸೇರುವುದಿಲ್ಲ. ಸಾಧ್ಯವಾದರೆ ಒಂದು ಕ್ಲಾಸು ಪೂರ್ತಿ ಹೊರಗೆ ನಿಂತು ಕೇಳಿ. ಗಡಿಯಾರ ಹಿಡಿದು ಒಂಟಿ ನಿಮಿಷ ಎಣಿಸಿ. ಹತ್ತು ಮಕ್ಕಳ ಬ್ಯಾಚಿನಲ್ಲೂ ಒಬ್ಬೊಬ್ಬರನ್ನು ಎಬ್ಬಿಸಿ ಹಾಡಿಸುವ ಟೀಚರ್ ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ.

ಆನ್‌ಲೈನ್. ಮೊದಲು ನಾನೂ ಮೂಗು ಮುರಿದವಳೇ. ಕೊರೋನಾ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಆಗ ಗೊತ್ತಾಯಿತು. ಒಬ್ಬರಿಗೊಬ್ಬರ ಪಾಠವಾದರೆ ಅರ್ಧ ಗಂಟೆಯಲ್ಲಿ 20 ಒಂಟಿ ನಿಮಿಷ ಆರಾಮಾಗಿ ಸಿಗುತ್ತದೆ, ಮೂರರಲ್ಲಿ ಇದೇ ಜಾಸ್ತಿ. ಆದರೆ ಒಟ್ಟಿಗೆ ಹಾಡಲಾಗುವುದಿಲ್ಲ. ದನಿ ಆ ಕಡೆಯಿಂದ ಈ ಕಡೆಗೆ ಬರುವಷ್ಟರಲ್ಲಿ ತಡವಾಗಿ, ತಾಳ ಹಾಕಿದರೆ ಗುರುಗಳ ಕೈ ಒಂದು ಕಡೆ, ಮಗುವಿನ ಕೈ ಇನ್ನೊಂದು ಕಡೆ. ಅವರು ಹಾಡಿ ನಿಲ್ಲಿಸಬೇಕು, ಆಮೇಲೆ ಇವಳು ಹಾಡಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವಿಡಿಯೋ ಕಾಲ್ ಆ್ಯಪ್‌ಗಳು ಹಿನ್ನೆಲೆ ಸದ್ದನ್ನು ತಾವಾಗಿಯೇ ಅಳಿಸುತ್ತವೆ, ತಂಬೂರಿ ಅವಕ್ಕೆ ಫ್ಯಾನಿನ ಸದ್ದಿನ ಹಾಗೆ! ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡದಿದ್ದರೆ ಗುರುಗಳಿಗೆ ಶ್ರುತಿಯೇ ಕೇಳಿಸದೆ ಬರೀ ಮಗುವಿನ ದನಿ ಕಡಿದು ಕಡಿದು ಹೋಗುತ್ತದೆ.

ಹೊರದೇಶದಲ್ಲಿರುವ ನಮ್ಮ ನೆಂಟರಿಷ್ಟರಿಗೆ ಆನ್‌ಲೈನೇ ದಾರಿ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆದು ಬಂದಿರುವ ತ್ಯಾಗರಾಜ ಆರಾಧನೆಯ ಸ್ಪರ್ಧೆಗಳಿಗೆ ಮಕ್ಕಳನ್ನು ತಯಾರು ಮಾಡುವ ಎಷ್ಟೋ ಪಾಠಗಳು ಇಲ್ಲಿನ ಬೆಳಗಿನ ಜಾವ ನಡೆಯುತ್ತವೆ. ಊರಿಗೆ ಬಂದಾಗ ಹದಿನೈದು ದಿನವಾದರೂ ಗುರುಗಳ ಎದುರು ಕೂರಿಸುವುದು ಒಳ್ಳೆಯದು. ಉಸಿರು ಎಲ್ಲಿ ಹಿಡಿಯುತ್ತಾಳೆ, ಕುತ್ತಿಗೆ ಎಲ್ಲಿ ಬಿಗಿಯುತ್ತಾಳೆ ಅನ್ನುವುದು ಸ್ಕ್ರೀನಿನಲ್ಲಿ ಕಾಣುವುದಿಲ್ಲ.

ನನ್ನನ್ನು ಕೇಳಿದರೆ: ಹತ್ತು ವರ್ಷದೊಳಗಿನ ಮಗುವಿಗೆ ಎದುರು ಕೂತು ಕಲಿಸುವವರೇ ಬೇಕು, ಸಾಧಾರಣ ಹೆಸರಿನವರಾದರೂ ಪರವಾಗಿಲ್ಲ. ವರ್ಣ ಮುಗಿದು ಕೃತಿಗೆ, ಅಂದರೆ ಕಛೇರಿಯಲ್ಲಿ ಹಾಡುವ ದೊಡ್ಡ ರಚನೆಗಳಿಗೆ, ಬಂದ ಮೇಲೆ ದೂರದ ಒಳ್ಳೇ ಗುರುಗಳ ಹತ್ತಿರ ಆನ್‌ಲೈನಿಗೆ ಹೋಗಬಹುದು. ತಿರುಗುಮುರುಗು ಮಾಡಬೇಡಿ. ಎಷ್ಟೋ ಜನ ಮಾಡುವುದು ಅದನ್ನೇ.

ಕರ್ನಾಟಕವೋ, ಹಿಂದೂಸ್ತಾನಿಯೋ, ಸುಗಮ ಸಂಗೀತವೋ

ಈ ಪ್ರಶ್ನೆಗೆ ಅರ್ಧ ಉತ್ತರವನ್ನು ನೀವಿರುವ ಊರೇ ಕೊಟ್ಟಿರುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗ, ಕಲಬುರಗಿ ಕಡೆ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇದ್ದ ಊರಲ್ಲಿ ಮಗುವನ್ನು ಬೇರೆ ಎಲ್ಲಿಗೆ ಸೇರಿಸುತ್ತೀರಿ? ಮೈಸೂರು, ಬೆಂಗಳೂರು, ಮಂಗಳೂರಲ್ಲಿ ಎರಡೂ ಸಿಗುತ್ತದೆ, ಕರ್ನಾಟಕ ಸಂಗೀತ ಜಾಸ್ತಿ.

ಮೊದಲ ಎರಡು ವರ್ಷದ ಅನುಭವ ಮಾತ್ರ ಬೇರೆ ಬೇರೆ. ಕರ್ನಾಟಕ ಸಂಗೀತದಲ್ಲಿ ದಾರಿ ಹಾಸಿಟ್ಟ ಹಾಗಿದೆ: ಸರಳೆ, ಜಂಟಿ, ದಾಟು ವರಸೆ, ಏಳು ತಾಳದ ಅಲಂಕಾರ, ಗೀತೆ, ಸ್ವರಜತಿ, ವರ್ಣ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅನ್ನುವುದು ನಮ್ಮ ಸಂಪ್ರದಾಯ. ಮಲಹರಿ ರಾಗದ ಪಿಳ್ಳಾರಿ ಗೀತೆ ಇವತ್ತಿಗೂ ಪ್ರತಿ ಮಗುವಿನ ಮೊದಲ ಹಾಡು. ಲೆಕ್ಕ, ಕ್ರಮ ಇಷ್ಟಪಡುವ ಮಗುವಿಗೆ ಇದು ಚೆನ್ನ. ತಾಳ ಹಾಕಲು ಕೈಗೂ ಕೆಲಸ ಇರುತ್ತದಲ್ಲ, ಚಡಪಡಿಸುವ ಮಕ್ಕಳೂ ಕೂರುತ್ತಾರೆ. ಹಿಂದೂಸ್ತಾನಿಯಲ್ಲಿ ಒಂದೇ ರಾಗವನ್ನು ನಿಧಾನಕ್ಕೆ ಬಿಡಿಸುತ್ತಾ ಹೋಗುವುದು ಬೇಗ ಶುರುವಾಗುತ್ತದೆ. ಒಂದು ಸ್ವರದ ಮೇಲೆ ನಿಲ್ಲುವ ತಾಳ್ಮೆ ಬೇಕು. ಗುನುಗುತ್ತಾ ತನ್ನಷ್ಟಕ್ಕೆ ಹಾಡು ಕಟ್ಟಿಕೊಳ್ಳುವ ಮಗುವಿಗೆ ಇದು ಹಿಡಿಸುತ್ತದೆ.

ಸುಗಮ ಸಂಗೀತವನ್ನು ‘ಸುಲಭ’ ಅಂದುಕೊಂಡು ಸೇರಿಸುವವರಿದ್ದಾರೆ. ಮೊದಲ ತಿಂಗಳಲ್ಲೇ ಒಂದು ಭಾವಗೀತೆ ಹಾಡಿಬಿಡುತ್ತದೆ ಮಗು, ಅಜ್ಜಿಗೆ ಖುಷಿ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಬೆಳೆಸಿದ ಈ ದಾರಿ ಕನ್ನಡದ ಮಟ್ಟಿಗೆ ದೊಡ್ಡ ಆಸ್ತಿ. ಮಾತು ತಿಳಿದು ಹಾಡುವುದನ್ನು ಇದರಷ್ಟು ಚೆನ್ನಾಗಿ ಇನ್ಯಾವುದೂ ಕಲಿಸುವುದಿಲ್ಲ. ಆದರೆ ಟ್ರ್ಯಾಕ್ ಹಾಕಿ ಹಾಡಿಸಿ ಬಿಟ್ಟರೆ ಎರಡು ವರ್ಷದ ನಂತರವೂ ಮಗುವಿಗೆ ಸ್ವರ ಯಾವುದು ಗೊತ್ತಿರುವುದಿಲ್ಲ. ಸುಗಮ ಸಂಗೀತದ ಜೊತೆಗೆ ವಾರಕ್ಕೆ ಒಂದು ದಿನವಾದರೂ ಶಾಸ್ತ್ರೀಯದ ವರಸೆ ಇರಲಿ.

ಕಂಠವೋ, ವಾದ್ಯವೋ

ವಾದ್ಯ ಕೊಳ್ಳುವ ಮೊದಲು ಮಗುವಿನ ಕೈ ಅಳೆಯಿರಿ. ಇದು ತಮಾಷೆಯ ಮಾತಲ್ಲ.

ವೀಣೆ ಹೆಚ್ಚು ಕಡಿಮೆ ನಾಲ್ಕು ಅಡಿ ಉದ್ದ, 24 ಮೆಟ್ಟಿಲು (ತಂತಿ ಒತ್ತಿ ಸ್ವರ ಹಿಡಿಯುವ ಅಡ್ಡಪಟ್ಟಿಗಳು), ಏಳು ತಂತಿ. ಆರು ವರ್ಷದ ಮಗು ಕೂತರೆ ಮೇಲಿನ ಮೆಟ್ಟಿಲಿಗೆ ಕೈಯೇ ಎಟುಕುವುದಿಲ್ಲ. ಬೆರಳ ತುದಿ ಕೊಯ್ದಂತಾಗುತ್ತದೆ, ಗಟ್ಟಿಯಾಗುವವರೆಗೆ ಅಳು. ಒಂಬತ್ತು ಹತ್ತಕ್ಕೆ ಶುರುಮಾಡಿದರೆ ಏನೂ ಕೆಟ್ಟುಹೋಗುವುದಿಲ್ಲ. ಪಿಟೀಲಿಗೆ ಈ ತೊಂದರೆ ಇಲ್ಲ, ಕಾಲು, ಅರ್ಧ, ಮುಕ್ಕಾಲು ಅಳತೆಯ ಪಿಟೀಲುಗಳೇ ಬರುತ್ತವೆ. ಆದರೆ ಮಗು ಬೆಳೆದಂತೆ ಬದಲಿಸುತ್ತಾ ಹೋಗಬೇಕು, ಶೂ ಇದ್ದ ಹಾಗೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೇ ಸಾಕು. ಪಿಟೀಲಿಗೆ ಮೆಟ್ಟಿಲು ಇಲ್ಲದ ಕಾರಣ ಸ್ವರ ಸ್ಥಾನವನ್ನು ಕಿವಿಯೇ ಹುಡುಕಬೇಕು. ಮೊದಲ ಒಂದು ವರ್ಷ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಸಹಿಸಿಕೊಳ್ಳಬೇಕು. ಬೇಸರ ಬಂದ ದಿನ ಮಗುವನ್ನು ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಮುಂದೆ ನಿಲ್ಲಿಸಿ. ಪಿಟೀಲಿನ ಆಕಾರದ ಕಟ್ಟಡ, ಏಳು ತಂತಿಯ ಪಿಟೀಲು ನುಡಿಸಿದವರ ಹೆಸರು. ನನ್ನ ತಂಗಿಯ ಮಗ ಅದನ್ನು ನೋಡಿ ಬಂದು ಒಂದು ವಾರ ಯಾರೂ ಹೇಳದೆ ಕಮಾನು ಎತ್ತಿಕೊಂಡ.

ಕೊಳಲು ಅಗ್ಗ, ಚೀಲದಲ್ಲಿ ಹೋಗುತ್ತದೆ. ಚಿಕ್ಕ ಬೆರಳಿಗೆ ಚಿಕ್ಕ ಕೊಳಲು ಬೇಕು, ಅದರ ಶ್ರುತಿ ಮೇಲಿರುತ್ತದೆ ಅಷ್ಟೆ. ನಾದ ಬರಲು ಕೆಲವು ಮಕ್ಕಳಿಗೆ ಒಂದು ದಿನ, ಕೆಲವರಿಗೆ ಒಂದು ತಿಂಗಳು. ಹೆದರಬೇಡಿ.

ಕೀಬೋರ್ಡ್ ಬಗ್ಗೆ ನನಗೆ ಸ್ವಲ್ಪ ತಕರಾರು ಇದೆ. ಪಾಶ್ಚಾತ್ಯ ಸಂಗೀತ ಕಲಿಯುವುದಾದರೆ ಸರಿಯಾದ ವಾದ್ಯ. ಕರ್ನಾಟಕ ಸಂಗೀತಕ್ಕೆ ಸೇರಿಸುವ ಮೊದಲ ಮೆಟ್ಟಿಲು ಅಂದುಕೊಂಡು ಕೊಡಿಸಿದರೆ ಮೋಸ ಹೋಗುತ್ತೀರಿ. ಅದರ ಸ್ವರಗಳು ಒಂದೊಂದು ಕೀಲಿಯಲ್ಲಿ ಗಟ್ಟಿಯಾಗಿ ಕೂತಿವೆ. ನಮ್ಮ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಇರುವುದು ಎರಡು ಕೀಲಿಗಳ ನಡುವಿನ ಜಾಗದಲ್ಲಿ.

ಮೃದಂಗದ ಬಗ್ಗೆ ಮಾತ್ರ ನಾನು ಎಷ್ಟು ಹೊತ್ತು ಬೇಕಾದರೂ ಹೇಳಬಲ್ಲೆ. ತ ಧಿ ತೊಂ ನಂ ಅಂತ ಬಾಯಲ್ಲಿ ಹೇಳಿಸಿ, ಆಮೇಲೆ ಕೈಗೆ ತರುತ್ತಾರೆ. ಎಡಗಡೆಗೆ ಪ್ರತಿ ಸಲ ರವೆ ಕಲಸಿ ಹಚ್ಚಬೇಕು, ಮುಗಿದ ಮೇಲೆ ಕೆರೆದು ತೆಗೆಯಬೇಕು. ನಮ್ಮನೆಯಲ್ಲಿ ಉಪ್ಪಿಟ್ಟಿಗೆ ಇಟ್ಟ ರವೆ ಖಾಲಿಯಾಗಿ ಎಷ್ಟೋ ಬೆಳಿಗ್ಗೆ ಅವಲಕ್ಕಿ ಆಗಿದೆ. ಲಯ ಒಮ್ಮೆ ಮೈಗೆ ಹತ್ತಿದರೆ ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಮಗ 13ನೇ ವಯಸ್ಸಿಗೆ ಡ್ರಮ್ಸ್‌ಗೆ ಹಾರಿದಾಗ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಆದರೆ ಅವನ ಡ್ರಮ್ಸ್ ಮೇಷ್ಟ್ರು “ಇವನಿಗೆ ಏಳು ಅಕ್ಷರದ ಲೆಕ್ಕ ಹೇಳಿಕೊಡೋದೇ ಬೇಡ” ಅಂದರು. ಏಳು ಅಕ್ಷರದ ಮಿಶ್ರ ಚಾಪು ತಾಳ ಬಾರಿಸಿದ ಹುಡುಗ, ಮತ್ತೇನು! ಡ್ರಮ್ಸ್ ಕೊಡಿಸುವವರಿಗೆ ಒಂದೇ ಮಾತು. ಮೊದಲ ವರ್ಷ ರಬ್ಬರಿನ ಪ್ರಾಕ್ಟೀಸ್ ಪ್ಯಾಡ್ ಸಾಕು. ಪೂರ್ತಿ ಸೆಟ್ಟಿಗೆ ಕೂತ ಮೇಲೆ ಕಿವಿಗೆ ರಕ್ಷಣೆ ಹಾಕಿಸಿ. ಕೆಟ್ಟ ಕಿವಿ ರಿಪೇರಿ ಆಗುವುದಿಲ್ಲ.

ಹಾಡುವ ಗಂಡು ಮಕ್ಕಳ ಅಪ್ಪ ಅಮ್ಮಂದಿರಿಗೆ: 12ರಿಂದ 15ರೊಳಗೆ ಯಾವಾಗಲೋ ಗಂಟಲು ಒಡೆಯುತ್ತದೆ. ಐದು ಮನೆ ಶ್ರುತಿಯಲ್ಲಿ (ಮನೆ ಅಂದರೆ ಶ್ರುತಿಯ ಎತ್ತರದ ಅಳತೆ) ಹಾಡುತ್ತಿದ್ದವನಿಗೆ ಒಂದೂವರೆ ಮನೆಯೂ ಕಷ್ಟ. ಆ ಒಂದು ವರ್ಷ ಸ್ಪರ್ಧೆ ಬೇಡ, ಎತ್ತರಕ್ಕೆ ಕಿರುಚಿಸುವುದಂತೂ ಬೇಡವೇ ಬೇಡ. ಸಣ್ಣಗೆ ಮಂದ್ರದಲ್ಲಿ (ಕೆಳಗಿನ ಸ್ವರಗಳಲ್ಲಿ) ಅಭ್ಯಾಸ, ಜೊತೆಗೆ ಒಂದು ತಾಳವಾದ್ಯ. ಸಂಗೀತ ಬಿಟ್ಟ ಹುಡುಗರಲ್ಲಿ ಬಹಳ ಜನ ಬಿಟ್ಟದ್ದು ಈ ವಯಸ್ಸಿನಲ್ಲಿ, ನಾಚಿಕೆಯಿಂದ.

ಪರೀಕ್ಷೆ ಕಟ್ಟಿಸಬೇಕಾ

ಕರ್ನಾಟಕ ಸಂಗೀತ ಕಲಿಯುವವರಿಗೆ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಗೊತ್ತೇ ಇವೆ, ಬಹಳ ವರ್ಷ ಎಸ್ಸೆಸ್ಸೆಲ್ಸಿ ಬೋರ್ಡೇ ಅವನ್ನು ನಡೆಸಿತು. ಶಾಸ್ತ್ರ ಬರೆಯಬೇಕು, ಪ್ರಯೋಗದಲ್ಲಿ ಪರೀಕ್ಷಕರ ಮುಂದೆ ಹಾಡಬೇಕು. ಹಿಂದೂಸ್ತಾನಿಯವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ. ಅದರ ಮೂಲ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಶುರುಮಾಡಿದ ಶಾಲೆ. ಕೀಬೋರ್ಡ್, ಗಿಟಾರ್, ಡ್ರಮ್ಸ್ ಮಕ್ಕಳು ಕಟ್ಟುವುದು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡುಗಳು. ಇನಿಷಿಯಲ್‌ನಿಂದ ಎಂಟರವರೆಗೆ, 100ಕ್ಕೆ 60 ಬಂದರೆ ಪಾಸು, 87ಕ್ಕೆ ಡಿಸ್ಟಿಂಕ್ಷನ್.

ಹೋಲಿಸಿದರೆ, ಟ್ರಿನಿಟಿ ಗ್ರೇಡಿಗೆ ಮೂರು ಹಾಡು ವರ್ಷವಿಡೀ ಉಜ್ಜಿ ಡಿಸ್ಟಿಂಕ್ಷನ್ ತೆಗೆಯುವ ಮಗು, ನಾಲ್ಕನೇ ಹಾಡು ಕೊಟ್ಟರೆ ಕಕ್ಕಾಬಿಕ್ಕಿ. ಇದು ಪರೀಕ್ಷೆಯ ತಪ್ಪಲ್ಲ, ಕಲಿಸಿದ ರೀತಿ. ನಮ್ಮ ಜೂನಿಯರ್, ಸೀನಿಯರ್‌ನಲ್ಲಿ ಹಾಡುಗಳ ಪಟ್ಟಿ ಉದ್ದ, ಅದಕ್ಕೇ ಮೇಲೆ ಮೇಲೆ ಓಡುವ ಅಪಾಯ. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಬಿಡುವು, ಹೀಗೆ ಮಾಡಿದೆವು ನಾವು. ಬಿಡುವಿನ ವರ್ಷದಲ್ಲೇ ಮಗಳು ಜಾಸ್ತಿ ಕಲಿತಳು. ಪರೀಕ್ಷೆಯಿಂದ ಒಂದು ಲಾಭ ಮಾತ್ರ ನಿಜ: ಆವತ್ತು ಗೊತ್ತಿಲ್ಲದ ಒಬ್ಬರು ಮಗುವನ್ನು ಒಂಟಿಯಾಗಿ ಕೇಳುತ್ತಾರೆ. ದೊಡ್ಡ ಬ್ಯಾಚಿನಲ್ಲಿರುವ ಮಗುವಿಗೆ ಅದೇ ದೊಡ್ಡದು.

ಇನ್ನೊಂದು ನೆನಪಿಡಿ. ಕೇಂದ್ರ ಸರ್ಕಾರದ ಸಾಂಸ್ಕೃತಿಕ ತರಬೇತಿ ಸಂಸ್ಥೆ ಸಿಸಿಆರ್‌ಟಿ ಕೊಡುವ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ 10ರಿಂದ 14 ವರ್ಷದ ಮಕ್ಕಳಿಗೆ. ನಮಗೆ ಗೊತ್ತಾದದ್ದು ಮಗಳಿಗೆ 15 ತುಂಬಿದ ಮೇಲೆ!

ಯಾವ ವೇದಿಕೆ ಮೊದಲು

ಇದರಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ. ಮೊದಲ ವೇದಿಕೆ ಗೋಷ್ಠಿ ಗಾಯನ. ಪುಷ್ಯ ಮಾಸದಲ್ಲಿ ಪಂಚಮಿಗೆ ತ್ಯಾಗರಾಜರ ಆರಾಧನೆ, ಅಮಾವಾಸ್ಯೆಗೆ ಪುರಂದರದಾಸರದ್ದು. ಊರೂರಲ್ಲೂ ದಾಸರ ನವರತ್ನ ಮಾಲಿಕೆ, ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ದೊಡ್ಡವರ ಹಿಂದೆ ನೆಲದ ಮೇಲೆ ಕೂತು, ಗೊತ್ತಿರುವ ಸಾಲು ಹಾಡಿ, ಗೊತ್ತಿಲ್ಲದ ಕಡೆ ತಾಳ ಹಾಕಿದರೆ ಸಾಕು. ಮೈಕು, ಜನ, ತಂಬೂರಿ ಎಲ್ಲ ಪಕ್ಕದಲ್ಲೇ, ಆದರೆ ಯಾರೂ ನಿನ್ನನ್ನೇ ನೋಡುತ್ತಿಲ್ಲ. ಹೆದರಿಕೆ ಬಿಡಿಸಲು ಇದಕ್ಕಿಂತ ಒಳ್ಳೇ ಜಾಗ ನನಗೆ ಸಿಕ್ಕಿಲ್ಲ.

ಎರಡನೆಯದು ದೇವಸ್ಥಾನದ, ಬಡಾವಣೆಯ ಹತ್ತು ನಿಮಿಷ. ಗಣೇಶನ ಹಬ್ಬ, ರಾಮನವಮಿ. ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ 1939ರಿಂದ ನಡೆಯುವ ರಾಮೋತ್ಸವದಂಥ ದೊಡ್ಡ ಪೆಂಡಾಲಿಗೆ ಮಗುವನ್ನು ಕೇಳಲು ಕರೆದುಕೊಂಡು ಹೋಗಿ, ಹಾಡಿಸಲು ನಿಮ್ಮ ರಸ್ತೆಯ ಪೆಂಡಾಲೇ ಇರಲಿ. ಪಾನಕ ಕುಡಿಯಲು ಬಂದ ಜನ ತಪ್ಪು ಹುಡುಕುವುದಿಲ್ಲ. ಮುಂದಿನ ವರ್ಷ ಮತ್ತೆ ಕರೆಯುತ್ತಾರೆ. ನನ್ನ ಪ್ರಕಾರ ವೇದಿಕೆಯ ಬೆಲೆ ಇರುವುದು ಅದರಲ್ಲೇ. ಅದೇ ಜಾಗಕ್ಕೆ ಮತ್ತೆ ಹೋಗಲು ಆಗಬೇಕು.

ಸ್ಪರ್ಧೆ ಮೂರನೆಯದು. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಭಕ್ತಿಗೀತೆ, ಭಾವಗೀತೆ, ಜನಪದ ಗೀತೆ ಎಲ್ಲ ಇರುತ್ತದೆ. ಖರ್ಚಿಲ್ಲ, ಊರ ಮಕ್ಕಳ ನಡುವೆ ನಮ್ಮ ಮಗು ಎಲ್ಲಿದೆ ಗೊತ್ತಾಗುತ್ತದೆ. ಆದರೆ ಎರಡು ನಿಮಿಷ ಹಾಡಿ ನಾಲ್ಕು ಗಂಟೆ ಫಲಿತಾಂಶಕ್ಕೆ ಕಾಯುವುದು ಕೆಲವು ಮಕ್ಕಳನ್ನು ಒಳಗೊಳಗೇ ತಿನ್ನುತ್ತದೆ. ವರ್ಷಕ್ಕೆ ಎರಡು ಸಾಕು. ಪ್ರತಿ ಭಾನುವಾರ ಸ್ಪರ್ಧೆಗೆ ಓಡುವ ಮನೆಗಳಲ್ಲಿ ಹೊಸ ಹಾಡು ಕಲಿಯುವುದೇ ನಿಂತುಹೋಗಿರುತ್ತದೆ. ಗೆಲ್ಲುವ ಹಾಡು ಒಂದಿದೆ, ಅದನ್ನೇ ತಿಕ್ಕುತ್ತಿರುತ್ತಾರೆ.

ಟೀವಿ ಕಾರ್ಯಕ್ರಮದ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ನೋಡುತ್ತಾ ಬೆಳೆದವರು ನಾವು, ಆಸೆ ಇರುವುದು ಸಹಜ. ಅಲ್ಲಿ ಕಲಿಯುವುದೂ ಇದೆ: ಬ್ಯಾಂಡಿನ ಜೊತೆ ಹಾಡುವುದು, ಒಂದೇ ದಿನದಲ್ಲಿ ಹೊಸ ಹಾಡು ಹಿಡಿಯುವುದು. ಆದರೆ ಕಾನೂನು ಏನು ಹೇಳುತ್ತದೆ ತಿಳಿದು ಹೋಗಿ. ಬಾಲಕಾರ್ಮಿಕ ಕಾಯ್ದೆಯ ನಿಯಮಗಳಿಗೆ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 14ರೊಳಗಿನ ಮಗುವನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ, ಬಿಡುವಿಲ್ಲದೆ 3 ಗಂಟೆಗಿಂತ ಜಾಸ್ತಿ, ಸತತ 27 ದಿನಕ್ಕಿಂತ ಜಾಸ್ತಿ ದುಡಿಸುವಂತಿಲ್ಲ. ಬಂದ ಹಣದಲ್ಲಿ ಕನಿಷ್ಠ ಶೇಕಡಾ 20 ಭಾಗ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ನಾಲ್ಕನ್ನೂ ಬಾಯಿಬಿಟ್ಟು ಕೇಳಿ. ಹತ್ತರೊಳಗಿನ ಮಗುವಾದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಅಲ್ಲಿ ಸೋತ ಮಗುವನ್ನು ಮುಂದಿನ ವಾರ ಅದೇ ಜಾಗಕ್ಕೆ ಯಾರೂ ಕರೆಯುವುದಿಲ್ಲ.

ಕಾರ್ಯಕ್ರಮದ ದಿನ

ಎಲ್ಲ ಆಯ್ಕೆ ಸರಿ ಮಾಡಿಯೂ ಕೆಡುವುದು ಸಣ್ಣ ಸಣ್ಣ ವಿಷಯಕ್ಕೆ. ಫೋನಿನ ತಂಬೂರಿ ಆ್ಯಪ್ ಹಾಕಿದರೆ ಫ್ಲೈಟ್ ಮೋಡ್‌ಗೆ ಹಾಕಿ. ನಮ್ಮ ಪೆಂಡಾಲಿನಲ್ಲೇ ಒಬ್ಬಳು ಆಲಾಪನೆ ಮಾಡುವಾಗ ತಂಬೂರಿ ನಿಂತು, ಗ್ಯಾಸ್ ಸಿಲಿಂಡರ್ ತಂದವನ ಕಾಲ್ ಮೈಕಿನಲ್ಲಿ ಬಂತು. ಕೈಯಲ್ಲಿ ಹಿಡಿಯುವ ಶ್ರುತಿ ಪೆಟ್ಟಿಗೆಯೇ ನನಗೆ ವಾಸಿ. ಅಸಲಿ ತಂಬೂರಿ ಹಿಡಿಯುವ ಸಹಪಾಠಿ ಸಿಕ್ಕರೆ ಇನ್ನೂ ವಾಸಿ, ಹಿಂದೆ ಒಬ್ಬ ಗೆಳತಿ ಕೂತಿದ್ದಾಳೆ ಅನ್ನುವ ಧೈರ್ಯವೂ ಬರುತ್ತದೆ.

ಮೈಕು ಬಾಯಿಂದ ಅರ್ಧ ಗೇಣು ದೂರ. ತಾಳ ಹಾಕುತ್ತಾ ತಲೆ ಆಡಿಸುವ ಮಕ್ಕಳಿಗೆ ಇನ್ನೂ ಸ್ವಲ್ಪ ಹಿಂದೆ. ಮಾನಿಟರ್ ಸ್ಪೀಕರಿನಲ್ಲಿ ಶ್ರುತಿ ಕೇಳಿಸುತ್ತಿದೆಯಾ ಅಂತ ಸೌಂಡ್‌ನವರನ್ನು ಕೇಳಿ, ಸಂಕೋಚ ಬೇಡ. ಮಗು ಅಪಶ್ರುತಿಗೆ ಹೋದರೆ ಎಷ್ಟೋ ಸಲ ಕಾರಣ ಗಂಟಲಲ್ಲ, ಅದಕ್ಕೆ ತಂಬೂರಿಯೇ ಕೇಳಿಸಿರುವುದಿಲ್ಲ.

ಪಕ್ಕವಾದ್ಯದವರಿಗೆ ಶ್ರುತಿ ಎಷ್ಟು ಮನೆ ಅಂತ ಮೊದಲೇ ಹೇಳಬೇಕು. ಐದು ಮನೆ ಶ್ರುತಿಯ ಮಗುವಿಗೆ ಚಿಕ್ಕ ಮೃದಂಗ ತರಬೇಕಾಗುತ್ತದೆ, ವೇದಿಕೆ ಮೇಲೆ ಹೇಳಿದರೆ ಅವರಾದರೂ ಏನು ಮಾಡಿಯಾರು? ಒಂದು ಸಲವಾದರೂ ಜೊತೆಗೆ ಕೂತು ಹಾಡಿಸಿ. ಮಕ್ಕಳು ಎಡವುವುದು ಹಾಡಿನಲ್ಲಲ್ಲ, ಪಿಟೀಲಿನವರು ನುಡಿಸಿ ಬಿಟ್ಟಾಗ ತಾವು ಎಲ್ಲಿ ಹಿಡಿಯಬೇಕು ಅನ್ನುವಲ್ಲಿ. ಸಂಭಾವನೆಯ ಕವರನ್ನು ಮೊದಲೇ ಸಿದ್ಧ ಮಾಡಿಟ್ಟು, ಎಲೆ ಅಡಿಕೆ ಜೊತೆ ಮಗುವಿನ ಕೈಯಿಂದಲೇ ಕೊಡಿಸಿ. ಮೃದಂಗದವರಿಗೆ ಆಟೋ ಚಾರ್ಜನ್ನೂ ಸೇರಿಸಿ.

ಮನೆಗೆ ಬರುವ ದಾರಿಯಲ್ಲಿ ತಪ್ಪಿನ ಮಾತು ಬೇಡ. ನಾನೊಮ್ಮೆ ಕಾರಿನಲ್ಲೇ “ಎರಡನೇ ಚರಣ ಯಾಕೆ ಬಿಟ್ಟೆ?” ಅಂದೆ. ಮಗಳು ಮನೆ ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಈಗ ನೇರ ಹೋಟೆಲಿಗೆ ಹೋಗುತ್ತೇವೆ. ಅವಳಿಗೆ ಮಸಾಲೆ ದೋಸೆ, ಅವನಿಗೆ ಎರಡು. ಬಿಟ್ಟ ಚರಣವನ್ನು ಗುರುವಾರದ ಪಾಠದಲ್ಲಿ ಮೇಷ್ಟ್ರು ಕೇಳುತ್ತಾರೆ.